ಸಾರು ಆರದಷ್ಟು ದೂರ: ಅಮ್ಮನ ಮನೆಗೂ ಮಕ್ಕಳ ಮನೆಗೂ ನಡುವಿನ ಚರಿತ್ರೆ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಇದು ಈ ಸಂಚಿಕೆಯ ಅಕ್ಷರರೂಪ.

ಮೊದಲು ಒಂದು ಸಣ್ಣ ಕೆಲಸ. ಫೋನಲ್ಲಿ ಮ್ಯಾಪ್ ತೆಗೀರಿ. ನೀವಿರೋ ಜಾಗದಿಂದ ನಿಮ್ಮಮ್ಮ ಇರೋ ಮನೆಗೆ ಎಷ್ಟು ಕಿಲೋಮೀಟರ್ ಅಂತ ನೋಡಿ. ಕೆಲವರಿಗೆ ಸೊನ್ನೆ ಬರುತ್ತೆ. ಅಮ್ಮ ಪಕ್ಕದ ರೂಮಲ್ಲೇ ಇರ್ತಾರೆ. ಕೆಲವರಿಗೆ 180, ಕೆಲವರಿಗೆ 450. ಇನ್ನು ಕೆಲವರಿಗೆ ರಸ್ತೆಯೇ ತೋರಿಸಲ್ಲ, ನಡುವೆ ಸಮುದ್ರ ಇರುತ್ತೆ.

ಅಮೆರಿಕದವರು ಅಂದ್ರೆ ಹದಿನೆಂಟಕ್ಕೇ ಮನೆ ಬಿಟ್ಟು ದೇಶದ ಇನ್ನೊಂದು ತುದಿಗೆ ಹೋಗೋರು ಅನ್ನೋದು ನಮ್ಮಲ್ಲಿ ಅನೇಕರ ತಲೇಲಿ ಕೂತಿರೋ ಚಿತ್ರ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಲ್ಲಿನ ಒಂದು ದೊಡ್ಡ ಸಮೀಕ್ಷೆಯ ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಿತು. ಸಾಮಾನ್ಯ ಅಮೆರಿಕನ್ ವಯಸ್ಕರೊಬ್ಬರ ಮನೆಯಿಂದ ಅವರಮ್ಮನ ಮನೆಗೆ ಬರೀ 18 ಮೈಲಿ, ಅಂದ್ರೆ ಸುಮಾರು 29 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ನಮ್ಮ ಏರ್‌ಪೋರ್ಟ್‌ಗೆ ಹೋಗೋದಕ್ಕಿಂತ ಕಡಿಮೆ! ಹೆಚ್ಚು ಓದಿದವರು ಮಾತ್ರ ಹೆಚ್ಚು ದೂರ ಹೋಗಿದ್ದರು. ಹಾಸನ, ಗದಗ, ರಾಯಚೂರಿಂದ ಬಂದು ಬೆಂಗಳೂರಲ್ಲಿ ಪಿಜಿ ಹಿಡಿದಿರೋ ಎಷ್ಟೋ ಜನ ಆ ಅಮೆರಿಕನ್ನರಿಗಿಂತ ಅಮ್ಮನಿಂದ ದೂರ ಇದ್ದೀವಿ.

ಹಾಗಾಗಿ ಈ ವಾರದ ವಿಷಯ ಈ ದೂರ. ವಯಸ್ಸಾದ ಅಮ್ಮ ಮಕ್ಕಳಿಗೆ ಎಷ್ಟು ಹತ್ತಿರ ಇರ್ತಿದ್ದರು, ಯಾವ ಮಗುವಿಗೆ ಹತ್ತಿರ, ಅದನ್ನ ಯಾರು ತೀರ್ಮಾನ ಮಾಡ್ತಿದ್ದರು? ಇದು ಪ್ರೀತಿಯ ವಿಷಯ ಅಂತ ನಾವು ಅಂದುಕೊಳ್ತೀವಿ. ಚರಿತ್ರೆ ನೋಡಿದರೆ ಇದರಲ್ಲಿ ಜಮೀನು, ಬಾಡಿಗೆ, ಪಿಂಚಣಿ, ಕಾನೂನು ಎಲ್ಲಾ ಬಂದು ಕೂತಿವೆ.

ಬಿಸಿ ಊಟವೇ ಅಳತೆಗೋಲು

ಎರಡನೇ ಮಹಾಯುದ್ಧ ಮುಗಿದ ಹೊತ್ತು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಅನ್ನೋ ಕೈಗಾರಿಕಾ ಊರು. ಅಲ್ಲಿ ಜೆ.ಎಚ್. ಶೆಲ್ಡನ್ ಅಂತ ಒಬ್ಬ ಡಾಕ್ಟರು. ಅದಕ್ಕೂ ಮುಂಚೆ ಅವರಿಗೆ ಹೆಸರು ತಂದಿದ್ದು ದೇಹದಲ್ಲಿ ಕಬ್ಬಿಣದಂಶ ಜಾಸ್ತಿಯಾಗೋ ಒಂದು ಕಾಯಿಲೆ ಬಗ್ಗೆ ಬರೆದ ಪುಸ್ತಕ. ಅಂಥವರು ಆಸ್ಪತ್ರೆ ಬಿಟ್ಟು ಮುದುಕ ಮುದುಕಿಯರ ಮನೆಬಾಗಿಲಿಗೆ ಹೋದರು. ಯಾಕೆ? ಆಸ್ಪತ್ರೆಗೆ ಬರೋದು ಕಾಯಿಲೆ ಆದವರು ಮಾತ್ರ. ಮನೇಲೇ ಇರೋ ವಯಸ್ಸಾದವರು ಹೇಗೆ ಬದುಕ್ತಿದ್ದಾರೆ ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಇವರಲ್ಲಿ ಎಷ್ಟು ಜನಕ್ಕೆ ಮಕ್ಕಳು ‘ಹತ್ತಿರ’ ಇದ್ದಾರೆ ಅಂತ ಲೆಕ್ಕ ಹಾಕಬೇಕಿತ್ತು. ಆದರೆ ಹತ್ತಿರ ಅಂದ್ರೆ ಎಷ್ಟು? ಒಂದು ಮೈಲಿಯಾ, ಎರಡಾ? ಶೆಲ್ಡನ್ ಕಂಡುಕೊಂಡ ಅಳತೆ ನಂಗೆ ಬಹಳ ಇಷ್ಟ. ಒಂದು ಮನೇಲಿ ಮಾಡಿದ ಬಿಸಿ ಊಟವನ್ನ ಇನ್ನೊಂದು ಮನೆಗೆ ತಗೊಂಡು ಹೋದಾಗ ಮತ್ತೆ ಬಿಸಿ ಮಾಡೋ ಅಗತ್ಯ ಬೀಳಬಾರದು, ಅಷ್ಟು ದೂರ. ಸುಮಾರು ಐದು ನಿಮಿಷದ ನಡಿಗೆ. ನಮ್ಮ ಭಾಷೇಲಿ ಹೇಳೋದಾದ್ರೆ, ಸಾರು ಆರದಷ್ಟು ದೂರ.

ಅವರ ವರದಿ 1948ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಶುರುವಾಗಿದ್ದೂ ಅದೇ ವರ್ಷ. ಮಕ್ಕಳು ಕೈಬಿಟ್ಟು ಮುದುಕರೆಲ್ಲಾ ಒಂಟಿಯಾಗಿದ್ದಾರೆ ಅನ್ನೋ ಮಾತು ಆಗಲೂ ಇತ್ತು. ಶೆಲ್ಡನ್ ಕಂಡದ್ದು ಬೇರೆ. ಸರ್ಕಾರದ ದಾಖಲೆಯಲ್ಲಿ ಬೇರೆ ಬೇರೆ ಮನೆ ಅಂತ ಬರೆದಿದ್ದರೂ, ನಡುವೆ ದಿನಾ ಒಬ್ಬರಲ್ಲ ಒಬ್ಬರು ಓಡಾಡ್ತಿದ್ದರು. ಊಟ, ಬಟ್ಟೆ ಒಗೆಯೋದು, ರಾತ್ರಿ ಜ್ವರ ಬಂದ್ರೆ ಪಕ್ಕದಲ್ಲಿ ಕೂರೋದು. ಅವರು ಇನ್ನೊಂದನ್ನೂ ಗುರುತಿಸಿದರು. ಈ ಓಡಾಟದ ಭಾರ ಬೀಳ್ತಿದ್ದದ್ದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. ಬಿಸಿ ಊಟ ತಾನಾಗೇ ನಡ್ಕೊಂಡು ಬರಲ್ವಲ್ಲ!

ಈ ಮಾತು ಜಪಾನಿಗೂ ಹೋಯಿತು. ಅಲ್ಲಿ ‘ಸೂಪ್ ತಣ್ಣಗಾಗದ ದೂರ’ ಅನ್ನೋದು ಇವತ್ತು ದಿನಬಳಕೆಯ ಮಾತು. ಮನೆ ಹುಡುಕೋರೂ, ಮಾರೋರೂ ಅದನ್ನ ಬಳಸ್ತಾರೆ. ಹತ್ತಿರ ಹತ್ತಿರ ವಾಸ ಮಾಡೋದಕ್ಕೆ ‘ಕಿಂಕ್ಯೊ’ ಅಂತ ಪ್ರತ್ಯೇಕ ಪದವೇ ಇದೆ. ಒಂದೇ ಮನೆಯಲ್ಲಿ ಇರೋದೂ ಅಲ್ಲ, ದೂರ ಇರೋದೂ ಅಲ್ಲ, ನಡುವಿನ ಒಂದು ದೂರ.

ಬಾಡಿಗೆ ವಸೂಲಿಗೆ ಬರೋನ ಹತ್ತಿರ ಅಮ್ಮನ ಮಾತು

ಈಗ ವುಲ್ವರ್‌ಹ್ಯಾಂಪ್ಟನ್‌ನಿಂದ ಲಂಡನ್‌ಗೆ ಬರೋಣ. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್. ಕೂಲಿ ಮಾಡೋರ ಕೇರಿ. ಒತ್ತೊತ್ತಾದ ಸಣ್ಣ ಮನೆಗಳು, ಹಳೇ ಗೋಡೆ, ಹಿತ್ತಿಲಲ್ಲಿ ಕಕ್ಕಸು. 1950ರ ದಶಕದಲ್ಲಿ ಮೈಕಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಅನ್ನೋ ಇಬ್ಬರು ಇಲ್ಲಿನ ಕುಟುಂಬಗಳನ್ನ ಅಧ್ಯಯನ ಮಾಡಿ, 1957ರಲ್ಲಿ ‘ಫ್ಯಾಮಿಲಿ ಅಂಡ್ ಕಿನ್‌ಶಿಪ್ ಇನ್ ಈಸ್ಟ್ ಲಂಡನ್’ ಅನ್ನೋ ಪುಸ್ತಕ ತಂದರು.

ಅವರಿಗೆ ಎದ್ದು ಕಂಡಿದ್ದು ಅಮ್ಮ. ಅಲ್ಲಿ ಮದುವೆಯಾದ ಹುಡುಗಿ ಗಂಡನ ಅಮ್ಮನ ಹತ್ತಿರ ಅಲ್ಲ, ತನ್ನ ಅಮ್ಮನ ಹತ್ತಿರ ಮನೆ ಮಾಡ್ತಿದ್ದಳು. ಅಮ್ಮ ಬದುಕಿರೋ ವಿವಾಹಿತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದಿನ 24 ಗಂಟೆಯೊಳಗೆ ಅಮ್ಮನನ್ನ ನೋಡಿದ್ದರು. ಗಂಡುಮಕ್ಕಳಲ್ಲಿ ಆ ಪ್ರಮಾಣ ತುಂಬಾ ಕಡಿಮೆ.

ಹಾಗಾದ್ರೆ ಮಗಳಿಗೆ ಪಕ್ಕದ ಬೀದೀಲೇ ಮನೆ ಸಿಗ್ತಿದ್ದದ್ದು ಹೇಗೆ? ಅದರ ಹಿಂದೆ ಒಂದು ವ್ಯವಸ್ಥೆ ಇತ್ತು. ಅಮ್ಮ ಅದೇ ಬೀದೀಲಿ ಎಷ್ಟೋ ವರ್ಷದಿಂದ ತಪ್ಪದೆ ಬಾಡಿಗೆ ಕಟ್ಟಿರೋಳು. ಬಾಡಿಗೆ ವಸೂಲಿಗೆ ಬರೋನಿಗೆ ಅವಳ ಪರಿಚಯ ಚೆನ್ನಾಗಿದೆ. ಯಾವುದೋ ಮನೆ ಖಾಲಿಯಾಗುತ್ತೆ ಅಂತ ಗೊತ್ತಾದ ಕೂಡಲೇ ಅಮ್ಮ ಹೋಗಿ ಮಗಳ ಪರವಾಗಿ ಒಂದು ಮಾತು ಹಾಕ್ತಾಳೆ. ಅವನಿಗೂ ಅದೇ ಬೇಕು, ಗುರುತಿರೋ ಮನೆತನದ ಬಾಡಿಗೆದಾರರು. ಆ ಒಂದು ಮಾತೇ ಅಮ್ಮ ಮಗಳನ್ನ ಹತ್ತಿರ ಇಟ್ಟಿತ್ತು.

ಆಮೇಲೆ ಸರ್ಕಾರ ಬಂತು. ಒಳ್ಳೇ ಉದ್ದೇಶದಿಂದಲೇ ಬಂತು. ಹಳೇ ಮನೆ ಕೆಡವಿ ಊರಾಚೆ ಹೊಸ ಬಡಾವಣೆ ಕಟ್ಟಿತು. ಪುಸ್ತಕದಲ್ಲಿ ಅದಕ್ಕೆ ‘ಗ್ರೀನ್‌ಲೀ’ ಅಂತ ಸುಳ್ಳು ಹೆಸರಿಟ್ಟಿದ್ದಾರೆ. ಅದು ಎಸೆಕ್ಸ್‌ನ ಡೆಬ್ಡೆನ್. ಒಳಗೇ ಬಚ್ಚಲು, ಒಳಗೇ ಕಕ್ಕಸು, ಮುಂದೆ ಕೈತೋಟ. ಬೆತ್ನಲ್ ಗ್ರೀನಿಂದ 20 ಮೈಲಿಗಿಂತ ಕಡಿಮೆ. ಆದರೆ ಈ ಮನೆ ಸಿಗೋದು ಅಮ್ಮನ ಮಾತಿಂದ ಅಲ್ಲ, ವೇಟಿಂಗ್ ಲಿಸ್ಟಿಂದ. ಎಷ್ಟು ಮಕ್ಕಳಿದ್ದಾರೆ, ಎಷ್ಟು ರೂಮಿದೆ ಅಂತ ಅಧಿಕಾರಿ ನೋಡ್ತಾನೆ. ನಿಮ್ಮಮ್ಮ ಎಲ್ಲಿದ್ದಾಳೆ ಅನ್ನೋದಕ್ಕೆ ಆ ಅರ್ಜೀಲಿ ಬೆಲೆಯಿಲ್ಲ.

ದಿನಾ ನೋಡ್ತಿದ್ದ ಅಮ್ಮ ವಾರಕ್ಕೊಮ್ಮೆ, ಆಮೇಲೆ ಇನ್ನೂ ಅಪರೂಪಕ್ಕೆ ಸಿಗೋ ಹಾಗಾಯ್ತು. ರೈಲು ಚಾರ್ಜು ಲೆಕ್ಕ ಹಾಕಬೇಕು, ಮಕ್ಕಳನ್ನ ಎತ್ಕೊಂಡು ಹೋಗಬೇಕು. ಇಪ್ಪತ್ತು ಮೈಲಿಯೊಳಗೆ ಸಾರು ಪೂರ್ತಿ ಆರಿಹೋಯ್ತು.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ ಸಂದರ್ಶನಗಳ ಟಿಪ್ಪಣಿಗಳನ್ನ ಜಾನ್ ಲಾರೆನ್ಸ್ ಅನ್ನೋ ಇತಿಹಾಸಕಾರರು ಮತ್ತೆ ತೆಗೆದು ಓದಿದ್ದಾರೆ. ಯಂಗ್ ಮತ್ತು ವಿಲ್ಮಟ್ ಹಳೇ ಕೇರಿಯ ಬದುಕನ್ನ ಸ್ವಲ್ಪ ಜಾಸ್ತಿಯೇ ಚಂದ ಮಾಡಿ ತೋರಿಸಿದ್ದಾರೆ ಅನ್ನೋದು ಅವರ ವಾದ. ಹೊಸ ಮನೆ ಬೇಕು, ನೆಂಟರ ಕಣ್ಣಿಂದ ದೂರ ಇರಬೇಕು ಅಂತ ಬಯಸಿ ಹೋದವರೂ ಸಾಕಷ್ಟಿದ್ದರು. ನಮಗೆ ಇದು ಅರ್ಥ ಆಗದ ವಿಷಯ ಏನಲ್ಲ. ಅಮ್ಮ ಬೇಕು, ಅಮ್ಮ ನಮ್ಮ ಫ್ರಿಜ್ ತೆಗೆದು ನೋಡೋದು ಬೇಡ. ಎರಡೂ ನಿಜವೇ.

ಆದರೂ ಹತ್ತಿರ ಯಾರೂ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ಪೀಟರ್ ಟೌನ್‌ಸೆಂಡ್ ತೋರಿಸಿದರು. ಬೆತ್ನಲ್ ಗ್ರೀನಿನ ವಯಸ್ಸಾದವರ ಬಗ್ಗೆ ಒಂದು ಪುಸ್ತಕ ಬರೆದ ಮೇಲೆ, ಅವರು ಇಂಗ್ಲೆಂಡ್ ಮತ್ತು ವೇಲ್ಸಿನ 173 ವೃದ್ಧರ ನಿವಾಸಗಳಿಗೆ ಹೋಗಿ ಬಂದು 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಪ್ರಕಟಿಸಿದರು. ಅಲ್ಲಿದ್ದವರಲ್ಲಿ ಮದುವೆಯಾಗದವರು, ಮಕ್ಕಳಿಲ್ಲದವರು, ಹೆಣ್ಣುಮಕ್ಕಳಿಲ್ಲದವರು ಊರಲ್ಲಿದ್ದ ಪ್ರಮಾಣಕ್ಕಿಂತ ಹೆಚ್ಚಿದ್ದರು. ಅಂದ್ರೆ ಯಾರು ಮನೇಲಿ ಉಳೀತಾರೆ, ಯಾರು ಆಶ್ರಮಕ್ಕೆ ಹೋಗ್ತಾರೆ ಅನ್ನೋದು ಕಾಯಿಲೆ ಒಂದರಿಂದಲೇ ತೀರ್ಮಾನ ಆಗ್ತಿರಲಿಲ್ಲ. ಮಗಳು ಹತ್ತಿರ ಇದ್ದಾಳಾ ಅನ್ನೋದೂ ಲೆಕ್ಕಕ್ಕೆ ಬರ್ತಿತ್ತು.

ಯಾರು ಯಾರನ್ನ ಬಿಟ್ಟರು?

‘ಹಿಂದೆ ಎಲ್ಲರೂ ಒಟ್ಟಿಗಿದ್ದರು, ಈಗ ಕಾಲ ಕೆಟ್ಟೋಯ್ತು.’ ಈ ಮಾತು ಕೇಳದ ಮನೆ ಇಲ್ಲ. ಇದು ಎಷ್ಟು ನಿಜ?

ಇಂಗ್ಲೆಂಡಿಗೆ ಬಂದ್ರೆ, ಅಷ್ಟೇನೂ ನಿಜ ಅಲ್ಲ. ಕೇಂಬ್ರಿಡ್ಜಿನ ಪೀಟರ್ ಲಾಸ್ಲೆಟ್ ಮತ್ತವರ ತಂಡ ಹಳೇ ಊರುಗಳ ಜನಗಣತಿ ಪಟ್ಟಿಗಳನ್ನ ಹುಡುಕಿ ತೆಗೆದು ಎಣಿಸಿದರು. 16ನೇ ಶತಮಾನದ ಕೊನೆಯಿಂದಲೂ ಅಲ್ಲಿ ಒಂದು ಮನೇಲಿ ಸರಾಸರಿ ಐದಕ್ಕಿಂತ ಕಡಿಮೆ ಜನ. ಹುಡುಗ ಹುಡುಗಿಯರು ಹದಿಹರೆಯದಲ್ಲೇ ಬೇರೆ ಮನೆಗಳಿಗೆ ಆಳಾಗಿ ಹೋಗೋರು, ದುಡ್ಡು ಕೂಡಿಟ್ಟು, ತಡವಾಗಿ ಮದುವೆಯಾಗಿ ಬೇರೆ ಮನೆ ಹೂಡೋರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಇಟಲಿಯ ಟ್ರಿಯೆಸ್ಟ್‌ವರೆಗೆ ಒಂದು ಗೆರೆ ಎಳೆದರೆ, ಅದರ ಪಶ್ಚಿಮಕ್ಕೆ ತಡವಾದ ಮದುವೆ, ಪೂರ್ವಕ್ಕೆ ಬೇಗನೆ ಮದುವೆ ಅಂತ ಜಾನ್ ಹೈನಲ್ 1965ರಲ್ಲಿ ಬರೆದಿದ್ದು ಇದೇ ಚರ್ಚೆಯ ಭಾಗ.

ಅಮೆರಿಕದ ಕಥೆ ಬೇರೆ. ಸ್ಟೀವನ್ ರಗಲ್ಸ್ ಅಲ್ಲಿನ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದ ಪ್ರಕಾರ, 19ನೇ ಶತಮಾನದ ನಡುಭಾಗದಲ್ಲಿ 65 ದಾಟಿದವರಲ್ಲಿ ಶೇ. 70ರ ಹತ್ತಿರ ಜನ ಬೆಳೆದ ಮಕ್ಕಳ ಜೊತೆಗೇ ಇದ್ದರು. 20ನೇ ಶತಮಾನ ಮುಗಿಯೋ ಹೊತ್ತಿಗೆ ಅದು ಶೇ. 15ಕ್ಕಿಂತ ಕೆಳಗಿಳಿದಿತ್ತು. ನೂರೈವತ್ತು ವರ್ಷದಲ್ಲಿ ಪೂರಾ ತಿರುಗುಮುರುಗು.

ಹಾಗಿದ್ರೆ ಬಿಟ್ಟು ಹೋದವರು ಯಾರು? ವಿದ್ವಾಂಸರು ಇಲ್ಲಿ ಎರಡು ಪಕ್ಷ. ಕಾರ್ಖಾನೆ ಸಂಬಳ ಸಿಕ್ಕ ಮೇಲೆ ಮಕ್ಕಳಿಗೆ ಅಪ್ಪನ ಹೊಲ ಕಾಯೋ ಅಗತ್ಯ ಇರಲಿಲ್ಲ, ಅವರು ಹೊರಟರು ಅನ್ನೋದು ರಗಲ್ಸ್ ವಾದ. ಇನ್ನೊಂದು ಪಕ್ಷ ಹೇಳೋದು: ಪಿಂಚಣಿ ಬಂತು, ಅಮೆರಿಕದಲ್ಲಿ 1935ರಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾನೂನು ಬಂತು, ಕೈಯಲ್ಲಿ ಸ್ವಂತ ಕಾಸು ಬಂದ ಮೇಲೆ ವಯಸ್ಸಾದವರೇ ಬೇರೆ ಇರೋದನ್ನ ಆರಿಸಿಕೊಂಡರು. ಅಂದ್ರೆ ಅಮ್ಮನೇ ಸ್ವಂತ ಮನೆ ಬೇಕು ಅಂದಳು. ನಾವು ಯಾವಾಗಲೂ ಮೊದಲನೇ ಕಥೆಯನ್ನೇ ಹೇಳಿಕೊಂಡು ತಪ್ಪಿತಸ್ಥರ ಹಾಗೆ ತಲೆ ತಗ್ಗಿಸ್ತೀವಿ. ಎರಡನೇ ಕಥೆಯೂ ಇರಬಹುದು ಅಂತ ಯೋಚನೇನೇ ಮಾಡಲ್ಲ.

ಒಟ್ಟಿಗಿದ್ದ ಕಡೆಯಲ್ಲೂ ಎಲ್ಲಾ ಬರೀ ಪ್ರೀತಿಯ ಮೇಲೆ ನಡೀತಿತ್ತು ಅಂದ್ಕೋಬೇಡಿ. ಆಸ್ಟ್ರಿಯಾ, ಜರ್ಮನಿ, ನಾರ್ವೆ, ಫಿನ್‌ಲೆಂಡಿನ ರೈತರು ಮಗನಿಗೆ ಜಮೀನು ಬಿಟ್ಟುಕೊಡೋವಾಗ ಪತ್ರ ಬರೆಸಿಕೊಳ್ತಿದ್ದರು. ಅಪ್ಪ ಅಮ್ಮನಿಗೆ ಇಂಥ ಕೋಣೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಮೊಟ್ಟೆ, ಇಷ್ಟು ಸೌದೆ. ಹೀಗೆ ಪಟ್ಟಿ. ಹಡೆದ ಮಗನ ಹತ್ತಿರ ಮೊಟ್ಟೆ ಲೆಕ್ಕ ಬರೆಸಿಕೊಳ್ಳೋದಾ ಅನ್ನಿಸಬಹುದು. ಆದರೆ ಪತ್ರ ಮಾಡಿಸಿದವರಿಗೆ ಗೊತ್ತಿತ್ತು, ಜಮೀನು ಕೈಬಿಟ್ಟ ಮೇಲೆ ಅಮ್ಮನ ಮಾತಿಗೆ ತೂಕ ಕಡಿಮೆ ಅಂತ. ನಾರ್ವೆಯ ಹೊಲಮನೆಗಳಲ್ಲಿ ಹಿರಿಯರಿಗೆ ಅಂತಲೇ ಪಕ್ಕದಲ್ಲಿ ಕಟ್ಟಿದ ಸಣ್ಣ ಮನೆಗಳು ಇವತ್ತೂ ಇವೆ. ಅಲ್ಲೂ ಅದೇ ಅಳತೆ, ಸಾರು ಆರದಷ್ಟು ದೂರ.

ಯಾವ ಮಗುವಿನ ಹತ್ತಿರ?

ದೂರ ಎಷ್ಟು ಅನ್ನೋದರ ಜೊತೆ ಇನ್ನೊಂದು ಪ್ರಶ್ನೆ ಇದೆ: ಯಾರಿಂದ ದೂರ?

ಮೇಘಾಲಯದ ಖಾಸಿಗಳಲ್ಲಿ ಮನೆ ಸೇರೋದು ಕಿರಿ ಮಗಳಿಗೆ. ಅಪ್ಪ ಅಮ್ಮನನ್ನ ನೋಡಿಕೊಳ್ಳೋದೂ ಅವಳೇ. ಅಲ್ಲಿ ಅಮ್ಮನಿಗೂ ಕಿರಿ ಮಗಳಿಗೂ ನಡುವೆ ದೂರವೇ ಇಲ್ಲ. ಕೇರಳದ ನಾಯರ್ ತರವಾಡುಗಳಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ ಹುಟ್ಟಿದ ಮನೇಲೇ ಇರ್ತಿದ್ದರು, ಗಂಡನೇ ಬಂದು ಹೋಗೋನು. ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳೀತಿತ್ತು. ಮಗಳು ಗಂಡನ ಮನೆಗೆ ಹೋದರೂ ಅವಳ ಹಕ್ಕು ತಾಯಿಮನೇಲೇ ಇರ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲವಾಗ್ತಾ ಬಂತು.

ಉಳಿದ ಕರ್ನಾಟಕದ ಬಹುಪಾಲು ಕಡೆ ಕ್ರಮ ಉಲ್ಟಾ. ಮಗ ಮನೇಲಿ ಉಳೀತಾನೆ, ಮಗಳು ಹೊರಡ್ತಾಳೆ. ಅವಳು ಬಿಟ್ಟುಬಂದ ಮನೆಗೆ ನಮ್ಮ ಭಾಷೇಲಿ ‘ತವರು’ ಅಂತ ಹೆಸರು. ಗಂಡಸಿಗೆ ತವರು ಅನ್ನೋ ಮಾತು ಸಾಮಾನ್ಯವಾಗಿ ಬಳಸಲ್ಲ, ಅವನು ಅದನ್ನ ಬಿಟ್ಟೇ ಇರಲ್ವಲ್ಲ. ಹಾಗಾಗಿ ವಯಸ್ಸಾದ ಅಮ್ಮನಿಗೆ ಸಾರು ಬಡಿಸೋಳು ಸೊಸೆ. ಅದೇ ಹೊತ್ತಿಗೆ ಆ ಸೊಸೆಯ ಸ್ವಂತ ಅಮ್ಮ ಇನ್ನೊಂದೂರಲ್ಲಿ ಇನ್ನೊಬ್ಬ ಸೊಸೆಯ ಕೈಯಲ್ಲಿ ಉಣ್ತಿರ್ತಾಳೆ. ಎಲ್ಲರ ಅಮ್ಮಂದಿರನ್ನೂ ಬೇರೆಯವರ ಹೆಣ್ಣುಮಕ್ಕಳೇ ನೋಡಿಕೊಳ್ಳೋ ಹಾಗೆ ಮಾಡಿರೋ ಏರ್ಪಾಟು ಇದು.

ಜಪಾನಲ್ಲೂ ಕ್ರಮ ಹೀಗೇ ಇತ್ತು. ಹಿರಿ ಮಗ, ಅವನ ಹೆಂಡತಿ, ಅವನ ಅಪ್ಪ ಅಮ್ಮ. ಆದರೆ ಅಲ್ಲಿ 1946ರಲ್ಲಿ ಶುರುವಾದ ‘ಸಜಾಯೆ-ಸಾನ್’ ಅನ್ನೋ ಕಾಮಿಕ್ಸ್ ಮನೆಮಾತಾಯ್ತು. ಬರೆದವರು ಮಾಚಿಕೊ ಹಸೆಗಾವಾ ಅನ್ನೋ ಮಹಿಳೆ. ಅದರಲ್ಲಿ ಸಜಾಯೆ ಇರೋದು ತನ್ನ ಅಪ್ಪ ಅಮ್ಮನ ಮನೇಲಿ, ಗಂಡ ಮಸುಒ ಬಂದು ಅವಳ ಜೊತೆ ಇದ್ದಾನೆ. 1969ರಿಂದ ಅದು ಟಿವಿಯಲ್ಲೂ ಬರ್ತಿದೆ. ಹೆಂಡತಿ ಅಪ್ಪ ಅಮ್ಮನ ಜೊತೆ ಇರೋ ಗಂಡಸಿಗೆ ಅಲ್ಲಿ ‘ಮಸುಒ-ಸಾನ್’ ಅನ್ನೋ ಅಡ್ಡಹೆಸರೇ ಬಂತು. ನಮ್ಮಲ್ಲೂ ಪದ ಇದೆಯಲ್ಲ, ‘ಮನೆ ಅಳಿಯ’. ಏನು ವ್ಯತ್ಯಾಸ ಅಂದ್ರೆ, ನಮ್ಮಲ್ಲಿ ಆ ಪದ ಹೇಳುವಾಗ ಮೂಲೇಲಿ ಯಾರಾದ್ರೂ ಕಿಸಕ್ಕಂತ ನಗ್ತಾರೆ. ಮನೆ ಸೊಸೆ ಅಂದ್ರೆ ಯಾರೂ ನಗಲ್ಲ. ಯಾರು ದೂರ ಹೋಗಬೇಕು ಅನ್ನೋ ತೀರ್ಮಾನ ಈ ನಗುವಿನಲ್ಲೇ ಆಗಿಹೋಗಿರುತ್ತೆ.

ನೂರು ಕಿಲೋಮೀಟರಿನ ಬೆಲೆ

ಅಮ್ಮ ಹತ್ತಿರ ಇದ್ದರೆ ನಿಜವಾಗಲೂ ಏನಾದ್ರೂ ವ್ಯತ್ಯಾಸ ಆಗುತ್ತಾ? ಇದಕ್ಕೆ ಉತ್ತರ ಕೆನಡಾದ ಚರ್ಚುಗಳ ದಾಖಲೆಗಳಲ್ಲಿ ಸಿಕ್ಕಿದೆ.

17 ಮತ್ತು 18ನೇ ಶತಮಾನದಲ್ಲಿ ಸೇಂಟ್ ಲಾರೆನ್ಸ್ ನದಿ ದಡದಲ್ಲಿ ಫ್ರೆಂಚ್ ವಲಸೆಗಾರರು ನೆಲೆಸಿದರು. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಪಾದ್ರಿಗಳು ಬರೆದಿಟ್ಟರು. 2019ರಲ್ಲಿ ಒಂದು ಸಂಶೋಧಕರ ತಂಡ ಆ ದಾಖಲೆ ಇಟ್ಟುಕೊಂಡು, ಯಾವ ಹೆಣ್ಣುಮಗಳ ಅಮ್ಮ ಬದುಕಿದ್ದಳು, ಎಷ್ಟು ದೂರದಲ್ಲಿದ್ದಳು ಅಂತ ಅಳೆಯಿತು. ಅಮ್ಮ ಬದುಕಿದ್ದ ಹೆಣ್ಣುಮಕ್ಕಳಿಗೆ, ಅಮ್ಮ ತೀರಿಕೊಂಡಿದ್ದವರಿಗಿಂತ ಸರಾಸರಿ ಎರಡು ಮಕ್ಕಳು ಹೆಚ್ಚು. ಹದಿನೈದು ವರ್ಷದವರೆಗೆ ಬದುಕುಳಿದ ಮಕ್ಕಳು ಸರಾಸರಿ ಒಂದು ಹೆಚ್ಚು. ದೂರ ಜಾಸ್ತಿಯಾದ ಹಾಗೆಲ್ಲಾ ಈ ಅನುಕೂಲ ಕರಗ್ತಾ ಹೋಯ್ತು. ಒಂದೇ ಅಮ್ಮನ ಹೆಣ್ಣುಮಕ್ಕಳನ್ನ, ಹತ್ತಿರ ಇದ್ದ ಅಕ್ಕ ಮತ್ತು ದೂರ ಹೋದ ತಂಗಿಯನ್ನ, ಹೋಲಿಸಿದಾಗಲೂ ಇದು ಕಾಣಿಸಿತು.

ಇದರ ಹಿಂದೆ ಇನ್ನೂ ಹಳೇ ಪ್ರಶ್ನೆ ಇದೆ. ಮುಟ್ಟು ನಿಂತ ಮೇಲೂ ಹೆಂಗಸರು ದಶಕಗಟ್ಟಲೆ ಬದುಕೋದು ಯಾಕೆ? ತಾಂಜಾನಿಯಾದ ಹಡ್ಜಾ ಜನರಲ್ಲಿ ಅಜ್ಜಿಯರು ಇಡೀ ದಿನ ಗೆಡ್ಡೆ ಅಗೆದು ಮೊಮ್ಮಕ್ಕಳ ಹೊಟ್ಟೆ ತುಂಬಿಸೋದನ್ನ ನೋಡಿದ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಒಂದು ವಾದ ಮುಂದಿಟ್ಟರು. ಅಜ್ಜಿಯ ಈ ದುಡಿಮೆಯೇ ಮೊಮ್ಮಕ್ಕಳನ್ನ ಉಳಿಸಿತು, ಅದರಿಂದಲೇ ಮನುಷ್ಯರಿಗೆ ಇಷ್ಟು ದೀರ್ಘ ಆಯಸ್ಸು ಬಂತು ಅಂತ. ಇದನ್ನ ‘ಅಜ್ಜಿ ಸಿದ್ಧಾಂತ’ ಅಂತ ಕರೀತಾರೆ. ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೀತಾನೇ ಇದೆ. ಆದರೆ ಒಂದು ವಿಷಯ ನಮಗೂ ಗೊತ್ತಿದೆ: ಅಮ್ಮ ಮಕ್ಕಳ ಹತ್ತಿರ ಇರೋದು ಬರೀ ಸೇವೆ ಮಾಡಿಸಿಕೊಳ್ಳೋಕೆ ಅಲ್ಲ. ಹೆಚ್ಚು ವರ್ಷ ಸೇವೆ ಮಾಡ್ತಿರೋಳು ಅವಳೇ.

ನಮ್ಮ ಬಾಣಂತನ ನೋಡಿ. ಮಗಳು ಅಮೆರಿಕದಲ್ಲಿ ಬಸುರಿ ಅಂದ್ರೆ, ಇಂಗ್ಲಿಷ್ ಬರದ ಅಮ್ಮ ಮೆಂತ್ಯದ ಪುಡಿ, ಅಂಟಿನುಂಡೆ ಕಟ್ಟಿಕೊಂಡು ಎರಡು ವಿಮಾನ ಬದಲಾಯಿಸಿ ಹೋಗ್ತಾಳೆ. ಮಗಳು ತವರಿಗೆ ಬರೋ ಬದಲು ತವರೇ ಸೂಟ್‌ಕೇಸಲ್ಲಿ ಹೊರಡುತ್ತೆ. ಪ್ರವಾಸಿ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಅದು ಮುಗಿಯೋ ಹೊತ್ತಿಗೆ ಅತ್ತೆ ಹೋಗ್ತಾರೆ. ಚೀನಾದಲ್ಲಿ ಮೊಮ್ಮಕ್ಕಳನ್ನ ನೋಡಿಕೊಳ್ಳೋಕೆ ಊರು ಬಿಟ್ಟು ದೊಡ್ಡ ನಗರಕ್ಕೆ ಬಂದ ಹಿರಿಯರಿಗೆ ‘ತೇಲಾಡೋ ಮುದುಕರು’ ಅನ್ನೋ ಅರ್ಥದ ಹೆಸರೇ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕೆಳಗೆ ಸಂಜೆ ಸ್ಟ್ರಾಲರ್ ತಳ್ಕೊಂಡು ಓಡಾಡೋ ಅಜ್ಜಿಯರನ್ನ ಮಾತಾಡಿಸಿ ನೋಡಿ. ಅವರ ಊರು, ಅವರ ಗೆಳತಿಯರು, ಅವರ ಹಿತ್ತಿಲು ಎಲ್ಲಾ ಬೇರೆಲ್ಲೋ ಇರುತ್ತೆ.

ಕಾನೂನಿನ ಟೇಪು

ಸರ್ಕಾರಗಳೂ ಈ ದೂರ ಅಳೀತಾ ಬಂದಿವೆ. 1601ರಷ್ಟು ಹಿಂದೆಯೇ ಇಂಗ್ಲೆಂಡಿನ ಬಡವರ ಕಾನೂನು, ಶಕ್ತಿ ಇರೋ ಮಕ್ಕಳು ಬಡ ಅಪ್ಪ ಅಮ್ಮನನ್ನ ಸಾಕಬೇಕು ಅಂದಿತ್ತು. ಸಿಂಗಪುರ 1995ರಲ್ಲಿ ಪೋಷಕರ ಜೀವನಾಂಶಕ್ಕೆ ಕಾನೂನು ಮಾಡಿತು. 2015ರಿಂದ ಒಂದು ಉಪಾಯವನ್ನೂ ಮಾಡ್ತು: ಅಪ್ಪ ಅಮ್ಮನ ಜೊತೆ ಅಥವಾ ಹತ್ತಿರ ಫ್ಲ್ಯಾಟ್ ಕೊಂಡರೆ ಸರ್ಕಾರದಿಂದ ಅನುದಾನ. 2018ರಿಂದ ಅಲ್ಲಿ ‘ಹತ್ತಿರ’ ಅಂದ್ರೆ 4 ಕಿಲೋಮೀಟರ್ ಒಳಗೆ. ಬೆತ್ನಲ್ ಗ್ರೀನಿನ ಅಧಿಕಾರಿ ಅರ್ಜೀಲಿ ಕೇಳದೇ ಇದ್ದ ಪ್ರಶ್ನೆಗೆ ಸಿಂಗಪುರದ ಅರ್ಜೀಲಿ ಒಂದು ಕಾಲಂ ಇದೆ.

ಚೀನಾ 2013ರ ಜುಲೈ 1ರಿಂದ ಬೇರೆ ವಾಸ ಮಾಡೋ ಮಕ್ಕಳು ಆಗಾಗ ಹೋಗಿ ಅಪ್ಪ ಅಮ್ಮನನ್ನ ನೋಡಬೇಕು ಅಂತ ಕಾನೂನಲ್ಲೇ ಬರೆಯಿತು. ಅದೇ ದಿನ ವೂಶಿ ನಗರದ ಕೋರ್ಟು, 77 ವರ್ಷದ ಅಮ್ಮ ಹಾಕಿದ್ದ ಕೇಸಲ್ಲಿ, ಕನಿಷ್ಠ ಎರಡು ತಿಂಗಳಿಗೊಮ್ಮೆ ಬಂದು ನೋಡು ಅಂತ ಮಗಳಿಗೆ ಆದೇಶ ಕೊಟ್ಟಿತು. ಕೋರ್ಟು ಹೇಳಿದ ಮೇಲೆ ಬಂದ ಮಗಳ ಹತ್ತಿರ ಆ ಅಮ್ಮ ಏನು ಮಾತಾಡಿರಬಹುದು ಅಂತ ನಾನು ಬಹಳ ಸಲ ಯೋಚನೆ ಮಾಡಿದ್ದೀನಿ.

ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಮಕ್ಕಳಿಂದ ಜೀವನಾಂಶ ಕೇಳಬಹುದು, ಅದಕ್ಕೆ ಬೇರೆ ನ್ಯಾಯಮಂಡಳಿ ಇದೆ. ಅದರ 23ನೇ ಸೆಕ್ಷನ್ ಅಪ್ಪ ಅಮ್ಮ ಇರೋ ಎಲ್ಲರೂ ತಿಳ್ಕೊಂಡಿರಬೇಕಾದ್ದು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಕ್ಕಳು ನೋಡಿಕೊಳ್ಳದೇ ಹೋದರೆ, ಆ ಪತ್ರವನ್ನ ರದ್ದು ಮಾಡಿಸಬಹುದು. ಆಸ್ಟ್ರಿಯಾದ ರೈತ ಬರೆಸ್ತಿದ್ದ ಮೊಟ್ಟೆ, ಸೌದೆ ಲೆಕ್ಕ ನೆನಪಿದೆಯಲ್ಲ? ಅದೇ ಭಯ, ಅದೇ ಜಾಣತನ.

ಅಮ್ಮನನ್ನ ಯಾರು ಕೇಳಿದರು?

ಇಷ್ಟೆಲ್ಲಾ ಓದಿದ ಮೇಲೆ ನನ್ನ ತಲೇಲಿ ಉಳಿದಿದ್ದು 1960ರ ದಶಕದ ವಿಯೆನ್ನಾ ನಗರದ ಒಂದು ಮಾತು. ಲಿಯೋಪೋಲ್ಡ್ ರೋಸೆನ್‌ಮಾಯರ್ ಮತ್ತು ಇವಾ ಕೋಕೈಸ್ ಅನ್ನೋ ಸಮಾಜಶಾಸ್ತ್ರಜ್ಞರು ಅಲ್ಲಿನ ವಯಸ್ಸಾದವರನ್ನೇ ಕೇಳಿದರು, ಹೇಗಿರೋಕೆ ಇಷ್ಟ ಅಂತ. ಬಹಳ ಜನ ಮಕ್ಕಳ ಜೊತೆ ಒಂದೇ ಸೂರಿನಡಿ ಇರಬೇಕು ಅನ್ನಲಿಲ್ಲ. ದೂರ ಹೋಗಲಿ ಅಂತಲೂ ಅನ್ನಲಿಲ್ಲ. ಹತ್ತಿರ ಇರಬೇಕು, ಆದರೆ ಬೇರೆ ಬಾಗಿಲು ಬೇಕು. ಇದಕ್ಕೆ ಅವರು ಕೊಟ್ಟ ಹೆಸರು, ‘ದೂರದಲ್ಲಿದ್ದೂ ಆಪ್ತ’. ಶೆಲ್ಡನ್ ಊಟದಲ್ಲಿ ಅಳೆದದ್ದನ್ನ ಇವರು ಮನಸ್ಸಿನಲ್ಲಿ ಅಳೆದರು. ಎರಡೂ ಒಂದೇ ಕಡೆ ಬಂದು ನಿಂತವು.

ನಮ್ಮಮ್ಮ ಇರೋದು ಅರಸೀಕೆರೆ ಹತ್ತಿರ. ಅಪ್ಪ ಇಲ್ಲ. ಅಣ್ಣ ಪುಣೆಯಲ್ಲಿ, ನಾನು ಬೆಂಗಳೂರಲ್ಲಿ. ನಾವಿಬ್ಬರೂ ವಾಟ್ಸ್ಆ್ಯಪಲ್ಲಿ ಅಮ್ಮ ಎಲ್ಲಿರಬೇಕು ಅಂತ ತಿಂಗಳುಗಟ್ಟಲೆ ಚರ್ಚೆ ಮಾಡಿದ್ವಿ. ಲಿಫ್ಟ್ ಇರೋ ಮನೆ, ಹತ್ತಿರದ ಆಸ್ಪತ್ರೆ, ಎಲ್ಲಾ ಪಟ್ಟಿ ಮಾಡಿದ್ವಿ. ಈ ಸಂಚಿಕೆಗೆ ಓದ್ತಾ ಇದ್ದಾಗ ಒಂದು ದಿನ ಅಮ್ಮನಿಗೇ ಫೋನ್ ಮಾಡಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಇಲ್ಲಿ ನಂಗೆ ಹುಷಾರಿಲ್ದಿದ್ರೆ ಎದುರುಮನೆ ಲಕ್ಷ್ಮಮ್ಮ ಗಂಜಿ ತಂದ್ಕೊಡ್ತಾಳೆ ಕಣೇ. ನಿನ್ನ ಅಪಾರ್ಟ್‌ಮೆಂಟಲ್ಲಿ ಹಗಲೊತ್ತು ನಂಗ್ಯಾರಿದ್ದಾರೆ? ನೀನೇ ಇರಲ್ಲ.’

ಗಮನಿಸಿ, ಅಮ್ಮನೂ ಅಳೆದದ್ದು ಊಟದಲ್ಲೇ. ಮಕ್ಕಳಿಂದ ಎಷ್ಟು ದೂರ ಅಂತ ನಾವು ಅಳೀತಿದ್ವಿ. ಬಿಸಿ ಗಂಜಿ ಕೊಡೋ ಕೈಯಿಂದ ಎಷ್ಟು ದೂರ ಅಂತ ಅಮ್ಮ ಅಳೀತಿದ್ದರು. ಮಗಳ ಜೊತೆ ಒಂದೇ ಮನೇಲಿದ್ದೂ ಹಗಲೆಲ್ಲಾ ಒಂಟಿ ಆಗಬಹುದು, ಮಕ್ಕಳಿಂದ ನೂರೆಂಬತ್ತು ಕಿಲೋಮೀಟರ್ ದೂರ ಇದ್ದೂ ಆಗದೇ ಇರಬಹುದು.

ಹಾಗಂತ ಎಲ್ಲರೂ ಊರಲ್ಲೇ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಎದುರುಮನೆಯವರಿಗೂ ವಯಸ್ಸಾಗ್ತಿದೆ. ಭಾರತದಲ್ಲಿ 2017–18ರಲ್ಲಿ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ, 60 ದಾಟಿದ ನೂರು ಜನರಲ್ಲಿ ಸುಮಾರು ಆರು ಜನ ಒಬ್ಬರೇ ವಾಸ ಮಾಡ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಇನ್ನು ಹತ್ತು ವರ್ಷಕ್ಕೆ ಅಮ್ಮನಿಗೆ ಮೆಟ್ಟಿಲು ಹತ್ತೋಕಾಗದೇ ಹೋದಾಗ ಗಂಜಿ ಯಾರು ತರ್ತಾರೆ? ನಮ್ಮಣ್ಣನೂ ನಾನೂ ಈಗ ಅದನ್ನ ಮಾತಾಡ್ತಿದ್ದೀವಿ. ಈ ಸಲ ಆ ಗ್ರೂಪಲ್ಲಿ ಅಮ್ಮನೂ ಇದ್ದಾರೆ. ಬರೀ ವಾಯ್ಸ್ ಮೆಸೇಜ್ ಕಳಿಸ್ತಾರೆ, ಅದೂ ನಾಲ್ಕು ನಿಮಿಷದ್ದು. ಪೂರ್ತಿ ಕೇಳ್ತೀವಿ.

ನೀವೂ ಈ ವಾರ ನಿಮ್ಮ ಮನೇಲಿ ಒಂದು ಪ್ರಶ್ನೆ ಕೇಳಿ: ‘ಅಮ್ಮ, ನಿಂಗೆ ಎಲ್ಲಿರೋಕೆ ಇಷ್ಟ?’ ಬರೋ ಉತ್ತರ ನಿಮ್ಮ ಪ್ಲಾನಿಗೆ ಹೊಂದದೇ ಇರಬಹುದು. ಹೊಂದದೇ ಇದ್ದರೂ ಕೇಳಿಸ್ಕೊಳ್ಳಿ. ಅಣ್ಣತಮ್ಮಂದಿರಿದ್ದರೆ ಅವರನ್ನೂ ಒಂದು ಮಾತು ಕೇಳಿ: ಸಾರು ಯಾರು ತಗೊಂಡು ಹೋಗ್ತಾರೆ? ಆ ಕೆಲಸ ನಾಲ್ಕು ಶತಮಾನದಿಂದ ಬರೀ ಹೆಣ್ಣುಮಕ್ಕಳ ಕೈಯಲ್ಲೇ ಇದ್ದರೆ, ಅದನ್ನ ಬದಲಾಯಿಸೋಕೆ ಯಾವ ಕಾನೂನೂ ಬೇಕಾಗಿಲ್ಲ.

ನಿಮ್ಮಮ್ಮ ಏನಂದ್ರು ಅಂತ ನಮಗೂ ಬರೆದು ಕಳಿಸಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗೋಣ.